ಸೊಟ್ಟ ಕೊಂಡಿ

ನನಗೆ ನೆನಪಿರುವ ಮೊದಲ ವಾಸನೆ, ಕಲಾಯಿ ಹಾಕುವಾಗ ಎದ್ದ ನವಸಾಗರದ ಹೊಗೆಯದು. ನಾನು ಹುಬ್ಬಳ್ಳಿಯಲ್ಲಿ ಹುಟ್ಟಿದ ಮೂರು ಡಬ್ಬಿಗಳ ಹಿತ್ತಾಳೆ ಟಿಫಿನ್ ಕ್ಯಾರಿಯರ್.

ಮೊದಲ ಒಡೆಯರು ರೈಲ್ವೆ ಗಾರ್ಡ್ ವಾಮನರಾಯರು. ಅವರ ಕೈತಪ್ಪಿ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದು ನನ್ನ ಕೊಂಡಿ ಸೊಟ್ಟಗಾಯಿತು. ಅಂದಿನಿಂದ ನನ್ನನ್ನು ತೆರೆಯಲು ಒಬ್ಬರು ಮುಚ್ಚಳ ಅದುಮಬೇಕು, ಇನ್ನೊಬ್ಬರು ಕೊಂಡಿ ಎಳೆಯಬೇಕು.

ಅವರ ಮಗಳು ಇಂದುಮತಿ ಧಾರವಾಡದ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದರು. ನಾನು ಅವರ ಪಾಲಾದೆ. ಊಟದ ಹೊತ್ತಿಗೆ ಮುಚ್ಚಳ ಅದುಮುವವರು ಇತಿಹಾಸ ಕಲಿಸುವ ಗೌರಕ್ಕ. ಅದಕ್ಕೇ ಕೊಂಡಿಯ ರಿಪೇರಿಯ ಮಾತೇ ಬರಲಿಲ್ಲ.

ಸ್ಟಾಫ್ ರೂಮಿನ ಬೆಕ್ಕಿಗೆ ಹೆದರಿ ಇಂದುಮತಿ ನನ್ನನ್ನು ತರಗತಿಗೂ ಒಯ್ಯುತ್ತಿದ್ದರು. ಹಾಗಾಗಿ ನನಗೂ ಪಾಠವಾಯಿತು. ಮುನ್ನೂರು ವರ್ಷಗಳ ಹಿಂದಿನ ಯುರೋಪಿನ ತತ್ವಜ್ಞಾನಿಗಳು ಮನಸ್ಸಿನ ಆವೇಗಗಳನ್ನು ಆಳುವ ಬಗೆ ಹುಡುಕುತ್ತಿದ್ದರಂತೆ. ರಕ್ತ ಕುದಿಯುವಾಗ ಏನನ್ನೂ ನಿರ್ಧರಿಸಬೇಡಿ ಎಂದರಂತೆ ಒಬ್ಬರು. ಬರೀ ಬುದ್ಧಿಗೆ ಭಾವ ಸೋಲದು, ಅದಕ್ಕಿಂತ ಬಲವಾದ ಇನ್ನೊಂದು ಭಾವವೇ ಬೇಕು ಎಂದರಂತೆ ಮತ್ತೊಬ್ಬರು.

ಒಂದು ದಿನ ಸ್ಟಾಫ್ ರೂಮಿನ ಸಭೆಯಲ್ಲಿ ಪ್ರಿನ್ಸಿಪಾಲರು, "ನಾಕು ಹುಡುಗ್ಯಾರ ತತ್ವಶಾಸ್ತ್ರಕ್ಕ ರೂಮ್ ಯಾಕ್ರೀ? ಬೇವಿನ ಗಿಡದ ಬುಡಕ್ಕ ಕೂಡಸ್ರಿ" ಎಂದರು. ಎಲ್ಲರೂ ನಕ್ಕರು. ಗೌರಕ್ಕನೂ ನಕ್ಕರು.

ಇಂದುಮತಿ ನೀರು ಕುಡಿದರು, ಕಿಟಕಿಯಾಚೆ ನೋಡಿದರು. ಕೋಪ ಇಳಿಯಲಿಲ್ಲ. "ಇನ್ನ ಆಕಿ ಸಂಗಡ ಊಟಾನೂ ಇಲ್ಲ, ಮಾತೂ ಇಲ್ಲ" ಎಂದು ಗೊಣಗುತ್ತ, ತಮ್ಮ ಪಾಠವನ್ನೇ ಮರೆತು, ಮೂಲೆಯ ಮೇಜಿಗೆ ನನ್ನನ್ನು ಒಯ್ದರು. ಮೊಣಕಾಲ ಸಂದಿಯಲ್ಲಿ ಹಿಡಿದು ಎಳೆದರು. ಸ್ಕೇಲಿನಿಂದ ಮೀಟಿದರು. ನಾನು ತೆರೆಯಲಿಲ್ಲ. ಹಟದಿಂದಲ್ಲ, ನನ್ನ ಕೈಲಾಗಲಿಲ್ಲ. ಹನ್ನೆರಡು ವರ್ಷದ ಗೆಳೆತನ ಇಲ್ಲಿಗೇ ಮುಗಿಯಿತೇ ಎಂದು ಹೆದರಿದ್ದೆ.

ಹೊರಗಿನಿಂದ ಬಂದ ಗೌರಕ್ಕ ಕೇಳಿದರು: "ಉಪಾಸ ಬೀಳತೀಯೇನ?"

"ಬಿದ್ರ ನಿಮಗೇನ್ರೀ? ನಕ್ಕೋತ ಕೂಡ್ರಿ."

ಗೌರಕ್ಕ ಹತ್ತಿರ ಬಂದು ಮುಚ್ಚಳ ಅದುಮಿದರು. "ನಕ್ಕಿದ್ದು ತಪ್ಪಾತವ್ವಾ. ನನ್ನ ರೂಮಿನ್ಯಾಗ ನಿನ್ನ ಹುಡುಗ್ಯಾರು ಕೂಡ್ಲಿ ಅಂತ ಸಾಹೇಬ್ರಿಗೆ ಹೇಳಿ ಬಂದೀನಿ. ನನ್ನ ಇತಿಹಾಸ ಗಿಡದ ಬುಡಕ್ಕ ನಡೀತದ. ಈಗ ಎಳಿ!"

ಕೊಂಡಿ ಫಟ್ಟನೆ ಬಿಚ್ಚಿತು. ಒಳಗಿದ್ದ ಕಡಲೆಹಿಟ್ಟಿನ ಝುಣಕ ಇಬ್ಬರ ಸೀರೆಗೂ ಸಿಡಿಯಿತು. ಇಂದುಮತಿ ನಕ್ಕಾಗ ನನ್ನ ಮೂರೂ ಡಬ್ಬಿಗಳು ಹಗುರಾದವು.

ಮುಂದೆ ಸ್ಟೀಲ್ ಡಬ್ಬಿಗಳು ಬಂದವು, ನಾನು ಅಟ್ಟ ಸೇರಿದೆ. ಇಬ್ಬರೂ ನಿವೃತ್ತರಾದರು. ಮೊನ್ನೆ ಗೌರಕ್ಕನಿಗೆ ಕಣ್ಣಿನ ಆಪರೇಷನ್ ಆಯಿತು. ಇಂದುಮತಿ ನನ್ನನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಕಲಾಯಿ ಹಾಕಿಸಿದರು. ಮತ್ತೆ ಅದೇ ಹೊಗೆ!

"ಕೊಂಡಿ ನೆಟ್ಟಗ ಮಾಡ್ಲೇನ್ರೀ, ಬಾಯಾರ?" ಎಂದ ಕಲಾಯಿಯವನು.

"ಬ್ಯಾಡಪಾ, ಹಂಗ ಇರ್ಲಿ."

ಸದ್ಯ, ಬದುಕಿದೆ ಎಂದುಕೊಂಡೆ.

ಬಿಸಿ ಅನ್ನ ಸಾರು ತುಂಬಿದ ನನ್ನನ್ನು ಇಂದುಮತಿ ಗೌರಕ್ಕನ ಮನೆಗೆ ಒಯ್ದು ಅವರ ಮಡಿಲಲ್ಲಿ ಇಟ್ಟರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಗೌರಕ್ಕ ಮೆಲ್ಲಗೆ ಕೈಯಾಡಿಸಿ, ಮುಚ್ಚಳ ಹುಡುಕಿ, ಅದುಮಿ ಹಿಡಿದರು.