ಮೋನಪ್ಪನವರು ಪ್ರಶ್ನೆ ಕೇಳಿದ ದಿನ

ನೋಯ್ಡಾದಲ್ಲಿ ದೋಸೆ ಹೋಟೆಲಿಟ್ಟಿದ್ದ ಮೋನಪ್ಪನವರು ಐವತ್ತು ದಾಟಿದ ಮೇಲೆ ನಾಯಕತ್ವ ಮತ್ತು ಮೇಲ್ವಿಚಾರಣೆಯ ಪದವಿಗೆ ಸೇರಿದರು. ಒಳ್ಳೆಯ ನಾಯಕ ಅಪ್ಪಣೆ ಕೊಡುವುದಿಲ್ಲ, ಪ್ರಶ್ನೆ ಕೇಳುತ್ತಾನೆ ಎಂದು ಭಾನುವಾರದ ತರಗತಿಯಲ್ಲಿ ಮೇಷ್ಟ್ರು ಹೇಳಿಕೊಟ್ಟರು.

ಸೋಮವಾರ ಬೆಳಿಗ್ಗೆ ಅವರು ಅಡುಗೆಯ ಸುಶಾಂತನ ಹೆಗಲ ಮೇಲೆ ಕೈಯಿಟ್ಟು, "ಇವತ್ತು ಏನು ಮಾಡಿದರೆ ಚೆನ್ನಾಗಿರುತ್ತೆ ಅಂತ ನಿನಗನಿಸುತ್ತೆ?" ಎಂದು ಮೆತ್ತಗೆ ಕೇಳಿದರು.

ಇಷ್ಟು ವರ್ಷ ಬೈಗುಳವನ್ನಷ್ಟೇ ಕೇಳಿದ್ದ ಸುಶಾಂತ ಗಾಬರಿಯಾದ. ಆಮೇಲೆ ಧೈರ್ಯ ಮಾಡಿ, "ನಿಜ ಹೇಳಲಾ ಧಣಿ? ರೂಮಿಗೆ ಹೋಗಿ ಮಲಗಿದರೆ ಚೆನ್ನಾಗಿರುತ್ತೆ" ಎಂದ.

ಬಂದ ಉತ್ತರವನ್ನು ಗೌರವಿಸಬೇಕೆಂದೂ ಪಾಠದಲ್ಲಿತ್ತು. ಮೋನಪ್ಪನವರು "ಅಚ್ಛಾ" ಎಂದು ತಲೆಯಾಡಿಸಿ, ತಾವೇ ಕಾವಲಿಯ ಮುಂದೆ ನಿಂತರು. ಗಲ್ಲಾದಲ್ಲಿ ಕೂತಿದ್ದ ಅವರ ಹೆಂಡತಿ ಉಮಾವತಿ, ಕರಕಲು ದೋಸೆ ಹಿಡಿದು ಬಂದ ಗಿರಾಕಿಗಳಿಗೆಲ್ಲ, "ಏನು ಮಾಡೋದು ಭಯ್ಯಾ, ಅವರಿನ್ನೂ ಫಸ್ಟ್ ಇಯರ್" ಎಂದು ಸಮಾಧಾನ ಹೇಳಿದರು.