ಬಾಯಿ ಬಿಡದ ಜಮಾತು

"ತಗೊಳ್ಳುವಾಗ ತುಂಬಿಸಿ ಅಳೆಯುತ್ತೀರಿ, ಕೊಡುವಾಗ ಕೈ ಕುಗ್ಗುತ್ತದೆ" ಎಂದು ತಮಿಳಿನಲ್ಲಿ ಹೇಳಿ ಇಲಿಯಾಸ್ ನಿಲ್ಲಿಸಿದ. ಅದು ನಿಲ್ಲಿಸಬೇಕಾದ ಜಾಗವೇ. ಅವನ ಊರು ಹೊಸೂರಿನಲ್ಲಾದರೆ ಮುಂದಿನ ಸಾಲಿನಿಂದ ಮೆಚ್ಚುಗೆಯ ಒಂದು 'ಸುಬ್ಹಾನಲ್ಲಾ' ಎದ್ದು, ಅದು ಹಿಂದಿನ ಸಾಲು ಮುಟ್ಟುವಷ್ಟರಲ್ಲಿ ಮಾತಾಡುವವನು ಉಸಿರೆಳೆದುಕೊಂಡು ಮುಂದಿನ ವಾಕ್ಯಕ್ಕೆ ಸಿದ್ಧನಾಗಿರುತ್ತಿದ್ದ. ತಮಿಳುನಾಡಿನದೇ ಆದ ಪಾಲಕೋಡಿನ ಈ ಮಸೀದಿಯಲ್ಲಿ ಫ್ಯಾನು ಮಾತ್ರ ಕಿರುಗುಟ್ಟಿತು. ಮುಂದಿನ ಸಾಲಿನ ದಪ್ಪ ಮನುಷ್ಯನೊಬ್ಬ ಕಣ್ಣು ಮುಚ್ಚಿ ಕೂತಿದ್ದ.

ಶುಕ್ರವಾರದ ನಮಾಜಿಗೆ ಮೊದಲು ನಡೆಯುವ ಈ ಪ್ರವಚನ, ಈ ಬಯಾನೇ ಇಲಿಯಾಸನ ಪರೀಕ್ಷೆ. ಪಾಸಾದರೆ ಇಮಾಮನ ಕೆಲಸ, ಊರವರ ಬಾಯಲ್ಲಿ 'ಹಜರತ್' ಎಂಬ ಗೌರವ, ಮಸೀದಿಯ ಹಿಂದಿನ ಎರಡು ಕೋಣೆಯ ಮನೆ. ಈಗಾಗಲೇ ಎರಡು ಊರು ಅವನನ್ನು ಬೇಡವೆಂದಿದ್ದವು. ಬಸುರಿ ಹೆಂಡತಿ ಶಾಹಿದಾ ತವರಿನಲ್ಲಿ ಫೋನು ಹಿಡಿದು ಕೂತಿದ್ದಳು.

ಅವನು ಇನ್ನೂ ಮೂರು ಕಡೆ ನಿಲ್ಲಿಸಿ ನೋಡಿದ. ಒಂದು ಕಡೆ ದನಿಯನ್ನೂ ನಡುಗಿಸಿದ. ಯಾರೂ ಕೆಮ್ಮಲಿಲ್ಲ.

ನಮಾಜು ಮುಗಿದ ಮೇಲೆ ಜಮಾತಿನ ಅಧ್ಯಕ್ಷ ಪ್ಯಾರೇಜಾನ್ ಸಾಹೇಬರು ಬಿರಿಯಾನಿ ಬಡಿಸಿ, ಹಲ್ಲಿಗೆ ಕಡ್ಡಿ ಹಾಕುತ್ತ, "ಸೊಲ್ಲಿ ಅನುಪ್ಪುರೋಂ" ಎಂದರು. ಹೇಳಿ ಕಳಿಸುತ್ತೇವೆ. ಹಿಂದಿನ ಎರಡು ಊರಿನವರೂ ಇದನ್ನೇ ಹೇಳಿದ್ದರು, ಬಿರಿಯಾನಿ ಹಾಕಿರಲಿಲ್ಲ ಅಷ್ಟೆ.

ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿ ಟೊಮೇಟೊ ಮಂಡಿಯ ಪಕ್ಕದಲ್ಲೇ. ಅಲ್ಲಿ ಗಡಿಸೀಮೆಯ ಕನ್ನಡದಲ್ಲಿ ಗಲಾಟೆ ನಡೆದಿತ್ತು. ಕಣ್ಣು ಮುಚ್ಚಿ ಕೂತಿದ್ದ ಅದೇ ದಪ್ಪ ಮನುಷ್ಯ ಕಮಿಷನ್ ಮಂಡಿ ದಸ್ತಗೀರ್. ಈಗ ಕಣ್ಣು ತೆರೆದಿದ್ದ. ಎದುರಿಗೆ ಮಾರಂಡಹಳ್ಳಿಯ ರೈತ ಮಾದಯ್ಯ.

"ಸುರಿಯೋ ಮಾದಯ್ಯ, ಬಾಕ್ಸ್ ಸುರಿ."

"ಏನ್ ಸಾಬ್ರೇ ಇದು? ನಮ್ಮಪ್ಪನ ಕಾಲದಿಂದ ನಿಮ್ ಮಂಡಿಗೇ ಆಕ್ತಾ ಇವ್ನಿ. ಯಾವತ್ತಾದ್ರೂ ಸುರ್ಸಿದ್ರಾ?"

"ಯಾವತ್ತಾದ್ರೂ ನಿನ್ ಬಾಕ್ಸಲ್ಲಿ ಕೊಸರು ಅಂತ ನಾಕು ಹಣ್ಣು ಬಿಟ್ಟಿ ಎತ್ಕೊಳ್ದೆ ಬಿಟ್ಟಿದ್ನಾ? ಇವತ್ತು ಎತ್ಕೊಂಡಿಲ್ಲ. ಇನ್ಮೇಲೆ ಕೊಸರೇ ಬ್ಯಾಡ. ನೀನೂ ಮೇಲೆ ದಪ್ಪಂದು ಕೆಳಗೆ ಗೋಲಿ ಆಕೋದು ಬಿಡು."

"ಅಯ್ಯೋ, ಆ ಬಯಾನ್ ನಾನೂ ಮೈಕಲ್ಲಿ ಕೇಳ್ದೆ. ಒಸಾ ಅಜ್ರತ್ತು ಯಾಪಾರಿಗೊಳ್ಗೆ ಸರ್ಯಾಗಿ ಬಿಟ್ಟ ಅಂತ ಎಷ್ಟು ಕುಷಿಯಾಗಿತ್ತು ಗೊತ್ತಾ?" ಎಂದ ಮಾದಯ್ಯ ನೊಂದವನಂತೆ. "ನನ್ ಬಾಕ್ಸಿಗೂ ಬತ್ತದೆ ಅಂತ ಯಾರ್ ಕಂಡ್ರು?"

ದಸ್ತಗೀರ್ ಇಲಿಯಾಸನನ್ನು ಕಂಡು ತಲೆಯ ಟೋಪಿ ಸರಿಮಾಡಿಕೊಂಡ. ಬ್ಯಾಗು ಹಿಡಿದು ನಿಂತಿದ್ದ ಇಲಿಯಾಸ್ ಕೇಳಿಯೇಬಿಟ್ಟ: "ಇಷ್ಟೆಲ್ಲ ಕೇಳಿಸ್ಕೊಂಡಿದ್ರಾ ನೀವು? ಒಂದ್ ಸುಬ್ಹಾನಲ್ಲಾ ಅನ್ಬಾರ್ದಿತ್ತಾ?"

"ಅದೆಂಗಾಯ್ತದೆ ಅಜ್ರತ್? ಪಕ್ಕದೋನ್ಗೆ ಸುಮ್ನಿರು ಅಂದ್ರೂ ಜುಮ್ಮಾ ನಮಾಜೇ ಕೆಡ್ತದೆ ಅಂತ ಹಳೇ ಅಜ್ರತ್ ಏಳವ್ರೆ."

"ಅದು ಆಮೇಲೆ ಅರಬ್ಬಿಯಲ್ಲಿ ಓದೋ ಖುತ್ಬಾಕ್ಕೆ. ಬಯಾನಿಗಲ್ಲ."

"ನಾವ್ ಟೊಮೇಟೊ ಏಲ ಕೂಗಿ ಮುಗ್ಸಿ ಓಡ್ಬರೋರು. ಯಾವ್ದು ನಡೀತಾ ಐತೆ ಅಂತ ಯಾರ್ ನೋಡ್ತಾರೆ? ಒಳಗೆ ಕಾಲಿಟ್ಟಾಗ್ಲಿಂದ ಬಾಯ್ ಮುಚ್ಕೊಂಡ್ರೆ ಎರಡ್ಕೂ ಆಯ್ತದೆ ಅಂತ ಊರೇ ಅಂಗೆ ಅಭ್ಯಾಸ ಆಗೋಯ್ತು." ಹತ್ತಿರ ಬಂದು ದನಿ ತಗ್ಗಿಸಿದ. "ಮುಂದಿನ್ ವಾರ ಯಾವ್ದರ ಮೇಲೆ ಬಯಾನು? ಬಡ್ಡಿ ಮೇಲಾದ್ರೆ ಮೊದ್ಲೇ ಏಳ್ಬುಡಿ. ಮಂಡಿಯೋರು ಒಸಿ ಎಚ್ಚರಿಕೆ ಮಾಡ್ಕಬೇಕು."

"ಪ್ಯಾರೇಜಾನ್ ಸಾಹೇಬ್ರು ಹೇಳಿ ಕಳಿಸ್ತೀವಿ ಅಂದ್ರು."

"ಅವರು ಕರೆಂಟ್ ಬಿಲ್ ಕೇಳೋಕ್ ಬಂದೋನ್ಗೂ ಅದೇ ಅನ್ನೋದು. ನೀವ್ ತಲೆ ಕೆಡಿಸ್ಕಬ್ಯಾಡಿ."

ಶಾಹಿದಾಳ ಫೋನು ಬಂತು. ಜನ ಏನೆಂದರು ಎಂದು ಕೇಳಿದಳು.

"ಏನೂ ಅನ್ನಲಿಲ್ಲ" ಎಂದ ಇಲಿಯಾಸ್. "ಇರು, ಮಾಡ್ತೀನಿ" ಎಂದು ಫೋನು ಜೇಬಿಗಿಟ್ಟ.

ಮಾದಯ್ಯ ಗೊಣಗುತ್ತಲೇ ಬಾಕ್ಸು ಬಗ್ಗಿಸಿದ. ಗೋಲಿ ಗಾತ್ರದ ಟೊಮೇಟೊಗಳು ಗೋಣಿಯ ಮೇಲೆ ಹರಡಿಕೊಂಡವು. ಆಚೆ ಇಲಿಯಾಸ್ ಹತ್ತಬೇಕಿದ್ದ ಹೊಸೂರು ಬಸ್ಸು ಹಾರನ್ ಹಾಕಿ ಹೊರಟಿತು. ಬಾಕ್ಸಿನ ಮೇಲಿದ್ದ ದಪ್ಪನೆಯದೊಂದು ಹಣ್ಣು ಉರುಳಿ ಇಲಿಯಾಸನ ಚಪ್ಪಲಿಗೆ ತಾಗಿತು.

"ಮಡಿಕ್ಕೊಳ್ಳಿ ಅಜ್ರತ್ತೇ, ಪರವಾಗಿಲ್ಲ" ಎಂದ ಮಾದಯ್ಯ.

ಇಲಿಯಾಸ್ ಬ್ಯಾಗನ್ನು ನೆಲಕ್ಕಿಟ್ಟು ಹಣ್ಣನ್ನೆತ್ತಿಕೊಂಡ. ಅಂಗಿಯ ಅಂಚಿನಿಂದ ಅದರ ದೂಳು ಒರೆಸಿ, ಖಾಲಿ ಬಾಕ್ಸಿನ ತಳದಲ್ಲಿ ಇಟ್ಟ.