ಹನ್ನೊಂದೇ ಅಂಗಿ

ಗುರುವಾರ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಅಲ್ಫೋನ್ಸ್ ಮೂವತ್ತನಾಲ್ಕನೇ ಪುಟದ ಪ್ರೂಫನ್ನು ಜಯಪಾಲ ಶೆಟ್ಟಿಯ ಮುಂದಿಟ್ಟ. ಅಂದು 1985ರ ಡಿಸೆಂಬರ್ 19. ಕೊಡಿಯಾಲ್ ರೋವರ್ಸ್ ಫುಟ್ಬಾಲ್ ಕ್ಲಬ್ಬಿನ ಬೆಳ್ಳಿಹಬ್ಬ ಬರುವ ಭಾನುವಾರ. ಸ್ಮರಣ ಸಂಚಿಕೆಯ ಕೊನೆಯ ಎಂಟು ಪುಟಗಳು ಸಂಜೆ ನಾಲ್ಕಕ್ಕೆ ಮೆಷಿನ್ ಹತ್ತಬೇಕಿತ್ತು.

"ಈ ಪುಟ ನೀವೇ ಓದಿ ಶೆಟ್ರೆ," ಎಂದ ಅಲ್ಫೋನ್ಸ್. "ನಾನು ಓದಿದ್ರೆ ತಪ್ಪು ಕಾಣ್ತದೆ."

ಅಲ್ಫೋನ್ಸ್ ಕೊಡಿಯಾಲ್‌ಬೈಲಿನಲ್ಲಿ ಪ್ರೆಸ್ ಇಟ್ಟು ಒಂಬತ್ತು ವರ್ಷವಾಗಿತ್ತು. ಅದಕ್ಕೂ ಮೊದಲು ಎಂಟು ವರ್ಷ ಅವನು ರೋವರ್ಸಿನ ಗೋಲ್‌ಕೀಪರ್. ಜಯಪಾಲ ಅದೇ ತಂಡದ ಸೆಂಟರ್ ಹಾಫ್ ಆಗಿದ್ದವ. ಈಗ ಬ್ಯಾಂಕಿನಲ್ಲಿ ಆಫೀಸರ್, ಕ್ಲಬ್ಬಿಗೆ ಕಾರ್ಯದರ್ಶಿ, ಸಂಚಿಕೆಗೆ ಸಂಪಾದಕ. ಈ ಕೆಲಸಕ್ಕೆಂದೇ ಎರಡು ದಿನ ರಜೆ ಹಾಕಿದ್ದ.

ಪುಟದ ತಲೆಬರಹ 'ನಮ್ಮ ಎಲೆಮರೆಯ ಆಟಗಾರರು'. ಇಪ್ಪತ್ತೈದು ವರ್ಷದಲ್ಲಿ ಸಲ್ಲಬೇಕಾದಷ್ಟು ಹೆಸರು ಸಲ್ಲದ ಆರು ಮಂದಿಗೆ ತಲಾ ಒಂದು ಪುಟ. ಹಳೆಯ ಆಟಗಾರರು ಬಾಯಿಗೆ ಬಂದಷ್ಟು ಗೋಲು ಹೇಳುತ್ತಾರೆಂದು ಜಯಪಾಲನೇ ಒಂದು ನಿಯಮ ಮಾಡಿದ್ದ: ಪತ್ರಿಕೆಯಲ್ಲಿ ಅಚ್ಚಾಗಿದ್ದರೆ ಮಾತ್ರ ಸೇರಿಸುವುದು. ಐದು ಹೆಸರು ಅವನು ಆರಿಸಿದ್ದ. ಆರನೆಯದನ್ನು ಅವನು ಸಭೆಯಿಂದ ಎದ್ದು ಹೋದಾಗ ಉಳಿದವರು ಸೇರಿಸಿದ್ದರು. ಅದು ಅವನದೇ ಹೆಸರು.

ಜಯಪಾಲ ಓದಿದ. "1972ರ ನವೆಂಬರ್ 26ರ ಲೀಗ್ ಫೈನಲ್‌ನ 83ನೇ ನಿಮಿಷದಲ್ಲಿ ಗೋಲ್‌ಕೀಪರನ ಕೈತಪ್ಪಿದ ಚೆಂಡನ್ನು ಸೆಂಟರ್ ಹಾಫ್ ಜಯಪಾಲ ಶೆಟ್ಟಿ ಗೋಲುಗೆರೆಯ ಮೇಲೆ ತಲೆಯಿಂದ ತಡೆದು ತಂಡವನ್ನು ಉಳಿಸಿದರು." ಮರುದಿನದ ಪತ್ರಿಕೆಯ ವಾಕ್ಯವೇ ಅದು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಅಚ್ಚಿನ ತಪ್ಪು ಎಲ್ಲಿಯೂ ಇಲ್ಲ," ಎಂದ.

"ಅಚ್ಚಿನದ್ದು ನಾನೆಲ್ಲಿ ಹೇಳಿದೆ?" ಅಲ್ಫೋನ್ಸ್ ಅಚ್ಚಿನ ಮೊಳೆ ಜೋಡಿಸುತ್ತಲೇ ಇದ್ದ. "ಚೆಂಡು ನನ್ನ ಕೈತಪ್ಪಿದ್ದು ನಿಜ. ಆ ಮನುಷ್ಯ ತಲೆ ಕೊಟ್ಟು ಬಿದ್ದದ್ದೂ ನನ್ನ ಮೇಲೆಯೇ. ನೀವು ಆಗ ಆಸ್ಪತ್ರೆಯಲ್ಲಿ ಹುಬ್ಬು ಹೊಲಿಸಿಕೊಳ್ತಾ ಇದ್ರಿ."

"ಗೊತ್ತುಂಟು."

"ನಿಮಗೆ ಗೊತ್ತುಂಟು ಅಂತ ನನಗೂ ಗೊತ್ತುಂಟು. ನಾಲ್ಕು ಗಂಟೆವರೆಗೆ ಪುಟದ ಚೌಕಟ್ಟು ಬಿಗಿಯುವುದಿಲ್ಲ. ಆಮೇಲೆ ಮಾತ್ರ ನನ್ನನ್ನು ಹೇಳಬೇಡಿ."

ಆ ದಿನ ನಡೆದದ್ದು ಇಷ್ಟು. ಅರುವತ್ತೆರಡನೇ ನಿಮಿಷದಲ್ಲಿ ಎದುರಾಳಿಯ ಮೊಣಕೈ ತಾಗಿ ಜಯಪಾಲನ ಹುಬ್ಬು ಒಡೆಯಿತು. ಅವನ ಬದಲಿಗೆ ತಂಡದ ಹೆಚ್ಚುವರಿ ಆಟಗಾರ ಹಸೈನಾರ್ ಇಳಿದ. ರೋವರ್ಸ್ ಬಡ ಕ್ಲಬ್. ಇದ್ದದ್ದು ಹನ್ನೊಂದೇ ಅಂಗಿ, ಹಾಗಾಗಿ ಬದಲಿಗೆ ಇಳಿಯುವವನು ಹೊರಬಂದವನ ಅಂಗಿಯನ್ನೇ ಗೆರೆಯ ಬಳಿ ತೊಟ್ಟುಕೊಳ್ಳಬೇಕು. ಹಸೈನಾರ್ ಐದನೇ ನಂಬರಿನ ಅಂಗಿಯನ್ನು ರಕ್ತ ಸಮೇತ ತೊಟ್ಟು ಓಡಿದ. ಎಂಬತ್ತಮೂರನೇ ನಿಮಿಷದಲ್ಲಿ ಚೆಂಡಿಗೆ ತಲೆ ಕೊಟ್ಟವನು ಅವನೇ. ಮೈದಾನದ ಆಚೆ ಬದಿಯಲ್ಲಿ ಕುಳಿತಿದ್ದ ವರದಿಗಾರನಿಗೆ ಮುಖ ಕಾಣಲಿಲ್ಲ, ಬೆನ್ನಿನ ನಂಬರು ಕಂಡಿತು. ಅವನ ಪಟ್ಟಿಯಲ್ಲಿ ಐದನೇ ನಂಬರಿನ ಎದುರು ಇದ್ದದ್ದು ಜಯಪಾಲನ ಹೆಸರು.

ಸೋಮವಾರ ಪೇಪರ್ ನೋಡಿ ಹುಡುಗರೆಲ್ಲ ನಕ್ಕರು. ಜಯಪಾಲನೂ ನಕ್ಕ. ಪತ್ರಿಕಾ ಕಚೇರಿಗೆ ಹೋಗಿ ಹೇಳಿಬರುತ್ತೇನೆಂದ. ಹೊಲಿಗೆ ಬಿಚ್ಚಿದ ಮೇಲೆ ಹೋಗುವುದೆಂದುಕೊಂಡ, ಹೋಗಲಿಲ್ಲ. 1974ರಲ್ಲಿ ಬ್ಯಾಂಕು ಆಟಗಾರರನ್ನು ಸೇರಿಸಿಕೊಂಡಾಗ ಅರ್ಜಿಯಲ್ಲಿ 'ಕ್ರೀಡಾ ಸಾಧನೆ, ಆಧಾರ ಲಗತ್ತಿಸಿ' ಎಂದಿತ್ತು. ಅವನು ಮೂರು ಪೇಪರ್ ಕಟಿಂಗ್ ಲಗತ್ತಿಸಿದ. ಮೂರರಲ್ಲಿ ದೊಡ್ಡದು ಅದೇ.

ಪ್ರೆಸ್ಸಿನಿಂದ ಹೊರಬಂದವನು ಬಸ್ಸಿಗೆ ಕಾಯಲಾರದೆ ಸ್ವಲ್ಪ ದೂರ ನಡೆದ. ಹಿಂದೆ ಬಂದ ಬಸ್ಸು ನಿಲ್ಲದೆ ಹೋಯಿತು. ಮುಂದಿನದನ್ನು ಹತ್ತಿ, ಬಿಕರ್ನಕಟ್ಟೆಯಲ್ಲಿ ಇಳಿಯಬೇಕಾದವನು ಒಂದು ಸ್ಟಾಪ್ ಮುಂದೆ ಹೋಗಿ ಬಿಸಿಲಲ್ಲಿ ವಾಪಸು ನಡೆದ. ನಲವತ್ತೆರಡು ವರ್ಷದ ಬಾಳಿನಲ್ಲಿ ತನ್ನ ಸ್ಟಾಪ್ ತಪ್ಪಿದ್ದು ಇದೇ ಮೊದಲನೇ ಸಲ.

ಮನೆಯಲ್ಲಿ ಅವನ ಹೆಂಡತಿ ಉಮಾವತಿ ಬಡಿಸಲು ಹೊರಟಳು. ಅವನು ಮಂಚದ ಅಡಿಯಿಂದ ಕ್ಲಬ್ಬಿನ ಟ್ರಂಕನ್ನು ಎಳೆದು, ನೆಲದ ಮೇಲೆ ಕುಳಿತು ಒಂದೊಂದೇ ಪುಸ್ತಕ ತೆಗೆಯತೊಡಗಿದ. ರೆಫ್ರಿಯ ವರದಿ ಸಿಕ್ಕಿದರೆ ಬದಲಿಯ ಹೆಸರು ಇರುತ್ತದೆ ಎಂಬುದು ಅವನ ಲೆಕ್ಕಾಚಾರ. ವರದಿಗಳ ಕಟ್ಟನ್ನು ಗೆದ್ದಲು ತಿಂದಿತ್ತು. ಅದರ ಕೆಳಗೆ ಸಿಕ್ಕಿದ್ದು ಅಂಗಿ ಪುಸ್ತಕ.

ಅಂಗಿಗಳ ಉಸ್ತುವಾರಿ ಅಣ್ಣು ಎಂಬ ಹಿರಿಯರದ್ದಾಗಿತ್ತು; ಅವರು ತೀರಿಕೊಂಡು ಆರು ವರ್ಷ. ಆಟ ಮುಗಿಯುವಾಗ ಅಂಗಿ ಯಾರ ಮೈಮೇಲಿತ್ತೋ ಅವನೇ ಮನೆಗೆ ಒಯ್ದು ಒಗೆದು ತರಬೇಕು. ಹನ್ನೊಂದರಲ್ಲಿ ಒಂದು ಕಳೆದರೂ ಹತ್ತು ಜನ ಆಡಬೇಕಾದ್ದರಿಂದ ಅಣ್ಣು ಪ್ರತಿ ಆಟದ ಕೊನೆಗೆ ತಾರೀಕು, ನಂಬರು, ಒಯ್ದವನ ಹೆಸರು ಬರೆದು ಸಹಿ ಹಾಕಿಸುತ್ತಿದ್ದರು.

ಜಯಪಾಲ 1972ರ ನವೆಂಬರ್ 26ನ್ನು ಹುಡುಕಿದ. "5, ಹಸೈನಾರ್." ಪಕ್ಕದಲ್ಲಿ ಅಣ್ಣು ಪೆನ್ಸಿಲಿನಲ್ಲಿ ಆಮೇಲೆ ಬರೆದದ್ದು: "ಕಲೆ ಪೂರ್ತಿ ಹೋಗಿಲ್ಲ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವನು ಹಿಂದಿನ ಪುಟಗಳನ್ನು ತಿರುಗಿಸಿದ, ಮುಂದಿನವನ್ನೂ ತಿರುಗಿಸಿದ. ಎಲ್ಲರಿಗೂ ಒಂದು ನಂಬರು ಖಾಯಂ. ಹಸೈನಾರನ ಹೆಸರು ಮಾತ್ರ ಒಮ್ಮೆ ಎರಡರ ಎದುರು, ಒಮ್ಮೆ ಆರರ ಎದುರು, ಒಮ್ಮೆ ಹನ್ನೊಂದರ ಎದುರು. 1966ರಿಂದ 1974ರವರೆಗೆ ಮೂವತ್ತೆಂಟು ಸಲ. ಕಟಿಂಗ್ ಫೈಲಿನ ಜೊತೆ ತಾಳೆ ನೋಡಿದ. ಮೂವತ್ತೆಂಟು ಆಟಗಳ ವರದಿಯಲ್ಲಿ ಒಂದರಲ್ಲೂ ಅವನ ಹೆಸರಿಲ್ಲ. 1969ರಲ್ಲಿ ಎಡಗಡೆಯಿಂದ ಹೋದ ಗೋಲು ಹನ್ನೊಂದನೇ ನಂಬರಿನ ಚಿತ್ತರಂಜನನದ್ದೆಂದು ಅಚ್ಚಾಗಿತ್ತು. ಅಂಗಿ ಪುಸ್ತಕದ ಪ್ರಕಾರ ಅಂದು ಹನ್ನೊಂದನ್ನು ಒಯ್ದವನು ಹಸೈನಾರ್.

"ಅನ್ನ ಆರಿತು," ಎಂದಳು ಉಮಾವತಿ. ಅವನು ವಿಷಯ ಹೇಳಿದ. ಅವಳು ಬಂದು ಟ್ರಂಕಿನ ಪಕ್ಕ ಕುಳಿತಳು.

"ಆ ಕಟಿಂಗನ್ನು ಬಿಳಿ ಹಾಳೆಗೆ ಅಂಟಿಸಿದ್ದು ನಾನೇ ಅಲ್ವಾ?"

"ಹೌದು."

"ಈಗ ನಿಮ್ಮನ್ನು ಯಾರಾದ್ರೂ ಕೇಳಿದ್ರಾ?"

"ಇಲ್ಲ."

"ಮತ್ತೆಂತಕ್ಕೆ ಹೇಳ್ಲಿಕ್ಕೆ ಹೋಗುವುದು? ನಿಮ್ಮ ಪುಟ ತೆಗೆದುಬಿಡಿ, ಸಾಕಲ್ಲ. ಬ್ಯಾಂಕಿನವ್ರು ಓದಿದ್ರೆ? ಮಕ್ಕಳಿಬ್ಬರು ಇನ್ನೂ ಶಾಲೆಯಲ್ಲಿದ್ದಾರೆ."

ಅದು ಸರಿಯಾದ ದಾರಿಯೆಂದು ಅವನಿಗೂ ಒಂದು ಕ್ಷಣ ಅನಿಸಿತು. ತನ್ನ ಪುಟ ತೆಗೆದರೆ ಸುಳ್ಳು ಹೋಗುತ್ತದೆ, ಕೆಲಸ ಉಳಿಯುತ್ತದೆ. ಆದರೆ ಅಂಗಿ ಪುಸ್ತಕ ಟ್ರಂಕಿನೊಳಗೆ ಹೋಗಲು ಒಪ್ಪದೆ ಕೈಯಲ್ಲೇ ಉಳಿಯಿತು. ಎರಡು ತುತ್ತು ಉಂಡು ಎದ್ದ.

ಹಸೈನಾರ್ ಬಂದರಿನ ಒಂದು ಒಣಮೀನಿನ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್. ಜಯಪಾಲ ತಲುಪಿದಾಗ ಎರಡೂ ಹತ್ತು. ಹಸೈನಾರ್ ಚೀಟಿಗಳಿಂದ ತಲೆಯೆತ್ತಿ ನೋಡಿದ.

"ಎಂತ ಮಾರಾಯ, ಆಫೀಸರ್ ಈ ಕಡೆ? ವಾಸನೆ ಹಿಡಿದ್ರೆ ನಾಳೆ ಬ್ಯಾಂಕಿನಲ್ಲಿ ಹತ್ತಿರ ಸೇರಿಸ್ಲಿಕ್ಕಿಲ್ಲ."

ಜಯಪಾಲ ನಗಲಿಲ್ಲ. ಪುಸ್ತಕ ತೆರೆದು ಆ ಸಾಲು ತೋರಿಸಿದ. ಹಸೈನಾರ್ ಕನ್ನಡಕ ಮೇಲೇರಿಸಿ ಓದಿದ.

"ಕಲೆ ಹೋಗಿಲ್ಲ ಅಂತ ಬರ್ದಿದ್ದಾರಾ ಅಣ್ಣು? ಶರೀಫಾಳಿಗೆ ಹೇಳ್ಬೇಕು. ಆಗ ಮದುವೆಯಾಗಿ ಎರಡು ತಿಂಗಳು. ಎರಡು ದಿನ ನೆನೆ ಹಾಕಿದ್ದಳು. ಗಂಡ ಯಾರನ್ನೋ ಹೊಡೆದು ಬಂದಿದ್ದಾನೆ ಅಂತಲೇ ಅವಳ ಲೆಕ್ಕ."

"ಸಂಚಿಕೆಯಲ್ಲಿ ಸರಿ ಮಾಡ್ತೇನೆ, ಹಸೈನಾರ್. ಆ ಚೆಂಡು ತಡೆದದ್ದು ನೀನು ಅಂತ ಬರಿತೇನೆ."

"ಹದಿಮೂರು ವರ್ಷ ಆಯ್ತು. ಈಗ ಎಂತಕ್ಕೆ?"

ತಕ್ಕಡಿಯ ಬಳಿ ಯಾರೋ ತೂಕ ಕೂಗಿದರು. ಹಸೈನಾರ್ ಅದನ್ನು ಬರೆದುಕೊಂಡು ಪೆನ್ನು ಕೆಳಗಿಟ್ಟ.

"ಒಂದು ವಿಷಯ ಹೇಳ್ತೇನೆ, ಬೇಜಾರು ಮಾಡ್ಬೇಡ. ನಿನ್ನ ಬ್ಯಾಂಕಿಗೆ ಆ ವರ್ಷ ನಾನೂ ಅರ್ಜಿ ಹಾಕಿದ್ದೆ. ಅಟೆಂಡರ್ ಕೆಲಸಕ್ಕೆ. ಎಂಟು ವರ್ಷ ಲೀಗ್ ಆಡಿದ್ದೇನೆ ಅಂದೆ. ಪೇಪರಿನಲ್ಲಿ ಹೆಸರು ಬಂದದ್ದು ಉಂಟಾ ಅಂತ ಕೇಳಿದ್ರು. ಇಲ್ಲ ಅಂದೆ. ಅಷ್ಟೇ."

"ನನಗೆ ಯಾಕೆ ಹೇಳ್ಲಿಲ್ಲ?"

"ಎಂತ ಹೇಳುವುದು? ನಿನ್ನ ಕಟಿಂಗ್ ಒಂದು ದಿನಕ್ಕೆ ಕೊಡು ಅಂತಲಾ?" ಹಸೈನಾರ್ ನಕ್ಕ. ನಗು ಬೇಗ ನಿಂತಿತು. "ಹೆಸರಿದ್ದಿದ್ರೆ ಸಿಗ್ತಿತ್ತು ಅಂತ ನಾನು ಹೇಳುವುದಿಲ್ಲ. ಇಲ್ಲದ್ದಕ್ಕೆ ಸಿಗ್ಲಿಲ್ಲ, ಅದು ಮಾತ್ರ ಗೊತ್ತುಂಟು."

ಜಯಪಾಲ ನಿಂತಲ್ಲೇ ಪುಸ್ತಕವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಹೊರಡಬೇಕೆನಿಸಿತು, ಹೊರಡಲಾಗಲಿಲ್ಲ.

"ಕುಳಿತ್ಕೊ ಮಾರಾಯ. ಆಗಿನಿಂದ ಕುಣೀತಾ ಇದ್ದಿ."

"ನಾಲ್ಕಕ್ಕೆ ಮೆಷಿನ್ ಹತ್ತಬೇಕು. ನೀನು ಹೇಳು, ಎಂತ ಬರೆಯಲಿ?"

ಹಸೈನಾರ್ ಪುಸ್ತಕ ತೆಗೆದುಕೊಂಡು ಹಿಂದೆ ಮುಂದೆ ತಿರುವಿದ. ತನ್ನ ಸಹಿಗಳ ಮೇಲೆ ಬೆರಳು ಸರಿಸುತ್ತ ಹೋದ. ಕೆಲವು ಕಡೆ ನಿಂತು ತುಟಿ ಅಲ್ಲಾಡಿಸಿದ.

"ಬರಿಯುವುದಾದ್ರೆ ಇದು ಪೂರ್ತಿ ಬರಿ. ಆ ಒಂದು ಚೆಂಡು ಮಾತ್ರ ಬರ್ದ್ರೆ ನಾನು ಒಂದೇ ದಿನ ಆಡಿದ ಹಾಗೆ ಆಗ್ತದೆ. ನೀವೆಲ್ಲ ಆಮೇಲೆ ಕಥೆ ಹೇಳ್ಕೊಂಡು ತಿರುಗ್ತೀರಿ, ಪಾಪ ಹಸೈನಾರ್ ಅಂತ. ನನಗೆ ಅದು ಬೇಡ. ತಾರೀಕು ಹಾಕು. ಯಾರ ಅಂಗಿ ಅಂತ ಹಾಕು."

"ನನ್ನದನ್ನೂ ಹಾಕ್ಬೇಕಾಗ್ತದೆ."

"ಹಾಕ್ಬೇಕಾಗ್ತದೆ. ನಿನ್ನ ಕೆಲಸದ ವಿಷಯ ನನ್ನ ಹತ್ತಿರ ಕೇಳ್ಬೇಡ. ಅದು ನಿನಗೆ ಬಿಟ್ಟದ್ದು."

ಮೂರೂ ಹದಿನೈದಕ್ಕೆ ಜಯಪಾಲ ಮತ್ತೆ ಪ್ರೆಸ್ಸಿನಲ್ಲಿದ್ದ. ತನ್ನ ಪುಟದ ಮೇಲೆ ಅಡ್ಡಗೆರೆ ಎಳೆದು ಅದೇ ಹಾಳೆಯ ಹಿಂಬದಿಯಲ್ಲಿ ಬರೆಯತೊಡಗಿದ: ಹೆಸರು, ಊರು, ತಾರೀಕು, ಎದುರಾಳಿ, ಅಂಗಿಯ ನಂಬರು, ಅಂಗಿ ಯಾರದ್ದು. ಅಲ್ಫೋನ್ಸ್ ಹೆಗಲ ಮೇಲಿಂದ ನೋಡಿದ.

"ಮೂವತ್ತೆಂಟು ಸಾಲಾ? ಸಣ್ಣ ಮೊಳೆಯಲ್ಲಿ ಕಟ್ಟಬೇಕಾದೀತು. ನಾಲ್ಕಕ್ಕೆ ಆಗುವುದಿಲ್ಲ ಶೆಟ್ರೆ."

"ಎಷ್ಟಕ್ಕೆ ಆಗ್ತದೆ?"

"ನೀವು ಓದಿ ಹೇಳಿದ್ರೆ ಆರಕ್ಕೆ."

ಜಯಪಾಲ ಓದಿ ಹೇಳಿದ. ಮೂವತ್ತೊಂದನೇ ಸಾಲಿನಲ್ಲಿ ಜಯಪಾಲನದೇ ಹೆಸರು ಬಂದಾಗ ಅಲ್ಫೋನ್ಸ್ ಕೈ ನಿಲ್ಲಿಸಿ ಕಾದ. ಜಯಪಾಲ ಅದನ್ನೂ ಓದಿದ. ಪಟ್ಟಿಯ ಕೆಳಗೆ ಅಡಿಟಿಪ್ಪಣಿಯೊಂದು ಬೇಕಿತ್ತು. ಎರಡು ಸಲ ಬರೆದು ಹೊಡೆದುಹಾಕಿದ. ಮೂರನೇ ಸಲ ಬರೆದದ್ದನ್ನು ಬಿಟ್ಟ: "ಸಾಲು 31: ಅಂದಿನ ಪತ್ರಿಕಾ ವರದಿ ತಪ್ಪು. 83ನೇ ನಿಮಿಷದಲ್ಲಿ ಚೆಂಡು ತಡೆದವರು ಹಸೈನಾರ್. ನನಗೆ ಇದು ಮರುದಿನವೇ ತಿಳಿದಿತ್ತು, ನಾನು ತಿದ್ದಿಸಲಿಲ್ಲ. ಜಯಪಾಲ ಶೆಟ್ಟಿ, ಕಾರ್ಯದರ್ಶಿ."

"ಬ್ಯಾಂಕಿನದ್ದು ಬರಿಯುವುದಿಲ್ವಾ?" ಅಲ್ಫೋನ್ಸ್ ಕೇಳಿದ.

"ಇದು ಕ್ಲಬ್ಬಿನ ಸಂಚಿಕೆ."

ಅಲ್ಫೋನ್ಸ್ ಆರೂ ಇಪ್ಪತ್ತಕ್ಕೆ ಚೌಕಟ್ಟು ಬಿಗಿದ. ಮೊದಲ ಹಾಳೆ ಒಣಗುವವರೆಗೂ ಜಯಪಾಲ ಬಾಗಿಲಿಗೂ ಮೆಷಿನಿಗೂ ನಡುವೆ ಓಡಾಡುತ್ತಿದ್ದ. ಒಣಗಿದ ಮೇಲೆ ಮೂವತ್ತೆಂಟು ಸಾಲನ್ನೂ ಅಂಗಿ ಪುಸ್ತಕದೊಡನೆ ಇನ್ನೊಮ್ಮೆ ತಾಳೆ ನೋಡಿದ. ಒಂದು ತಾರೀಕು ತಪ್ಪಿತ್ತು. ಮೆಷಿನ್ ನಿಲ್ಲಿಸಿ ಸರಿಮಾಡಿಸಿದ.

ಭಾನುವಾರ ನಾನೂರು ಪ್ರತಿ ಹಂಚಿದರು. ಹಸೈನಾರ್ ಹಿಂದಿನ ಸಾಲಿನಲ್ಲಿ ಶರೀಫಾಳೊಡನೆ ಕುಳಿತು, ಹೆಸರು ಕರೆದಾಗ ವೇದಿಕೆಗೆ ಬಂದು, ಶಾಲು ಹೊದೆಸಿಕೊಂಡು, ಮಾತನಾಡದೆ ಇಳಿದ. ಸಂಚಿಕೆಗೆ ಜಾಹೀರಾತು ಕೊಟ್ಟಿದ್ದ ಬ್ಯಾಂಕಿಗೆ ಸೋಮವಾರ ಒಂದು ಪ್ರತಿ ಹೋಯಿತು. 1986ರ ಜನವರಿ 8ರಂದು ಜಯಪಾಲನಿಗೆ ಮೆಮೊ ಬಂತು: ಹನ್ನೆರಡು ವರ್ಷದ ಹಿಂದಿನ ಅರ್ಜಿಗೆ ಲಗತ್ತಿಸಿದ ಪತ್ರಿಕಾ ವರದಿಯ ಬಗ್ಗೆ ಏಳು ದಿನದೊಳಗೆ ವಿವರಣೆ ಕೊಡಬೇಕು. ಮೂರನೇ ದಿನ ಅವನು ಇದ್ದದ್ದನ್ನು ಇದ್ದ ಹಾಗೆ ಬರೆದು ಉತ್ತರ ಕೊಟ್ಟ. ಕೆಲಸ ಹೋಗಲಿಲ್ಲ, ಆ ವರ್ಷ ಬರಬೇಕಿದ್ದ ಬಡ್ತಿ 1989ರಲ್ಲಿ ಬಂತು.